ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಹುರುಪು ಉಳಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ವರ್ಕ್ ಮಾರ್ಕೆಟಿಂಗ್ ಅಥವಾ ನೇರ ಮಾರಾಟದ ಕೆಲಸಕ್ಕೆ (ಕಂಪನಿಯ ಸರಕನ್ನು ಪರಿಚಿತರಿಗೆ, ಮನೆಮನೆಗೆ ಮಾರುತ್ತ, ತಮ್ಮ ಕೆಳಗೆ ಇತರರನ್ನೂ ಸೇರಿಸುವ ವ್ಯಾಪಾರಕ್ಕೆ) ಹೊಸದಾಗಿ ಇಳಿದವರು, ಇಳಿದು ವರ್ಷವಾಗಿ ಸುಸ್ತಾದವರು, ಇನ್ನೇನು ಬಿಟ್ಟುಬಿಡೋಣ ಎಂದುಕೊಂಡವರು ನನ್ನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ತುಮಕೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಲೇ ಏಳು ವರ್ಷ ನಾನು ಈ ವ್ಯಾಪಾರದಲ್ಲಿ ಓಡಾಡಿದ್ದೇನೆ. ಯಾವ ಕಂಪನಿ ಎಂಬುದು ಇಲ್ಲಿನ ಮಾತಿಗೆ ಬೇಕಾಗಿಲ್ಲ. ಸೇರಿ ಎಂದಾಗಲಿ ಬಿಡಿ ಎಂದಾಗಲಿ ಹೇಳುವುದಕ್ಕೆ ಈ ಉತ್ತರಗಳನ್ನು ಬರೆದಿಲ್ಲ. ಆದರೆ ಉತ್ಸಾಹ ಏಕೆ ಇಳಿಯುತ್ತದೆ ಎಂಬುದನ್ನು ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ನೋಡಬೇಕೆಂಬ ನನ್ನ ಪಟ್ಟು ಎಲ್ಲ ಉತ್ತರಗಳಲ್ಲೂ ಕಾಣಿಸುತ್ತದೆ.

ಮೊದಲ ತಿಂಗಳಿದ್ದ ಉತ್ಸಾಹ ಮೂರನೆಯ ತಿಂಗಳಿಗೆ ಏಕೆ ಉಳಿಯುವುದಿಲ್ಲ?

ಸೇರಿದ ದಿನವೇ ನಿಮ್ಮನ್ನು ಸೇರಿಸಿದವರು, ಅಂದರೆ ಅಪ್‌ಲೈನ್ ನಿಮ್ಮ ಕೈಗೆ ಒಂದು ಹಾಳೆ ಕೊಟ್ಟು, ಗೊತ್ತಿರುವ ನೂರು ಜನರ ಹೆಸರು ಬರೆಯಿರಿ ಎಂದಿರುತ್ತಾರೆ. ಆ ಪಟ್ಟಿಯನ್ನು ಈಗ ಹೊರತೆಗೆದು ನೋಡಿ. ಮೊದಲ ಮೂವತ್ತು ಹೆಸರುಗಳು ಅಕ್ಕ, ಭಾವ, ಸೋದರಮಾವ, ಓರಗೆಯ ಗೆಳೆಯರು, ಕಚೇರಿಯ ಪಕ್ಕದ ಮೇಜಿನವರು. ಅವರಲ್ಲಿ ಕೆಲವರು ನಿಮ್ಮ ಮುಖ ನೋಡಿ ಒಂದು ಟೂತ್‌ಪೇಸ್ಟನ್ನೋ ಒಂದು ಡಬ್ಬಿ ಪ್ರೋಟೀನ್ ಪುಡಿಯನ್ನೋ ತೆಗೆದುಕೊಂಡಿರುತ್ತಾರೆ, ಇಬ್ಬರು ಮೂವರು ಐಡಿಯನ್ನೂ ಮಾಡಿಸಿರುತ್ತಾರೆ, ಅಂದರೆ ನಿಮ್ಮ ಕೆಳಗೆ ಸದಸ್ಯರಾಗಿರುತ್ತಾರೆ. ಮೊದಲ ತಿಂಗಳ ಹುರುಪು ಎಂದು ನಾವು ಕರೆಯುವುದು ಬಹುಪಾಲು ಈ ದಾಕ್ಷಿಣ್ಯದ ವ್ಯಾಪಾರದಿಂದ ಹುಟ್ಟಿದ್ದು. ಎರಡನೆಯ ತಿಂಗಳಿಗೆ ಆ ಮೂವತ್ತು ಹೆಸರುಗಳು ಮುಗಿಯುತ್ತವೆ, ಮೂರನೆಯ ತಿಂಗಳಿಗೆ ಅಪರಿಚಿತರ ಬಾಗಿಲು ಎದುರಾಗುತ್ತದೆ, ಅಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ.

ಹಾಗಾಗಿ ಮೂರನೆಯ ತಿಂಗಳಲ್ಲಿ ಮನಸ್ಸು ಕುಗ್ಗಿದರೆ ಅದನ್ನು ನಿಮ್ಮ ಸ್ವಭಾವದ ದೋಷವೆಂದು ತಿಳಿಯಬೇಕಾಗಿಲ್ಲ. ನಿಜವಾದ ವ್ಯಾಪಾರ ಆರಂಭವಾಗುವುದು ಆಗಲೇ. ಅದಕ್ಕೆ ಬೇಕಾದ ಸಿದ್ಧತೆಯನ್ನು ನಿಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ದೊಡ್ಡ ಕನಸು ಇಟ್ಟುಕೊಂಡರೆ ಹುರುಪು ಉಳಿಯುತ್ತದೆ ಎನ್ನುತ್ತಾರೆ. ಇದು ನಿಜವೇ?

ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಳ್ಳುವುದರಿಂದ ಹಾನಿಯೇನೂ ಇಲ್ಲ. ನಮ್ಮ ಮನೆಯ ಬೀರುವಿನ ಒಳಬಾಗಿಲಿಗೂ ಒಂದು ಬಿಳಿಯ ಕಾರು ಎರಡು ವರ್ಷ ಅಂಟಿಕೊಂಡಿತ್ತು. ಕೊನೆಗೆ ಸೀರೆ ತೆಗೆಯುವಾಗ ಹರಿದುಹೋಯಿತು. ತೊಂದರೆ ಇರುವುದು ಬೇರೆಡೆ. ಕಾರು ಬರುವುದಕ್ಕೆ ನಿಮ್ಮ ಕೆಳಗಿನ ನೂರಾರು ಜನರು ಪ್ರತಿ ತಿಂಗಳೂ ಸರಕು ಕೊಳ್ಳುತ್ತಿರಬೇಕು, ಅವರ ಕೈಕಾಲು ನಿಮ್ಮ ಹತೋಟಿಯಲ್ಲಿಲ್ಲ. ಹತೋಟಿಯಲ್ಲಿ ಇಲ್ಲದ್ದನ್ನು ಗುರಿಯಾಗಿಟ್ಟುಕೊಂಡವರಿಗೆ ಪ್ರತಿ ತಿಂಗಳ ಕ್ಲೋಸಿಂಗ್ ದಿನವೂ (ಕಂಪನಿ ಲೆಕ್ಕ ಮುಗಿಸುವ ದಿನ) ಪರೀಕ್ಷೆಯ ಫಲಿತಾಂಶದ ದಿನದಂತೆ ಭಾಸವಾಗುತ್ತದೆ. ಈ ವಾರ ಹಳೆಯ ಗ್ರಾಹಕರಲ್ಲಿ ನಾಲ್ವರಿಗೆ ಫೋನು ಮಾಡಿ ಸರಕು ಹೇಗಿದೆ ಎಂದು ವಿಚಾರಿಸುತ್ತೇನೆ, ಹೊಸದಾಗಿ ಇಬ್ಬರನ್ನು ಭೇಟಿಯಾಗುತ್ತೇನೆ ಎಂಬ ಗುರಿ ಸಣ್ಣದಾಗಿ ಕಾಣಬಹುದು. ಆದರೆ ಶನಿವಾರ ರಾತ್ರಿ ಅದು ಆಯಿತೋ ಇಲ್ಲವೋ ಎಂಬುದಕ್ಕೆ ನೀವೇ ಉತ್ತರ ಹೇಳಬಹುದು.

ಲೆಕ್ಕದ ಪುಸ್ತಕ ಎನ್ನುತ್ತೀರಲ್ಲ, ಅದರಲ್ಲಿ ಏನೇನು ಬರೆಯಬೇಕು?

ಕೆಲಸವೇ ಲೆಕ್ಕಪತ್ರದ್ದಾದರೂ ನನ್ನ ಈ ವ್ಯಾಪಾರಕ್ಕೆ ನಾನು ಮೂರು ವರ್ಷ ಪುಸ್ತಕ ಇಟ್ಟಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಪೇಔಟ್ (ಕಂಪನಿ ಕೊಡುವ ಕಮಿಷನ್) ಬಂದ ಎಸ್‌ಎಂಎಸ್ ನೋಡಿ ಸಂತೋಷಪಡುತ್ತಿದ್ದೆ, ಖರ್ಚು ಬೇರೆ ಬೇರೆ ಜೇಬಿನಿಂದ ಹೋಗುತ್ತಿತ್ತು. ನಾಲ್ಕನೆಯ ವರ್ಷದ ಒಂದು ಯುಗಾದಿಯ ಮರುದಿನ ಇನ್ನೂರು ಪುಟದ ಗೆರೆಯ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಹಿಂದಿನ ತಿಂಗಳ ಲೆಕ್ಕವನ್ನು ಬರೆದೆ. ಆ ಪುಟ ಈಗಲೂ ನನ್ನ ಬಳಿ ಇದೆ.

ಎಡಭಾಗದಲ್ಲಿ ಬಂದದ್ದು: ಕಮಿಷನ್ 2,310 ರೂಪಾಯಿ, ಎಂಆರ್‌ಪಿಗೂ ನನಗೆ ಬೀಳುವ ದರಕ್ಕೂ ನಡುವಿನ ಅಂತರದಿಂದ, ಅಂದರೆ ಚಿಲ್ಲರೆ ಮಾರಾಟದಿಂದ, 1,420 ರೂಪಾಯಿ. ಒಟ್ಟು 3,730. ಬಲಭಾಗದಲ್ಲಿ ಹೋದದ್ದು: ಐಡಿ ಆಕ್ಟಿವ್ ಆಗಿರಲೆಂದು ಪಾಯಿಂಟಿಗಾಗಿ (ಸರಕು ಕೊಂಡಾಗ ಕಂಪನಿ ಕೊಡುವ ಅಂಕಕ್ಕಾಗಿ) ಕೊಂಡು ಮಾರಲಾಗದೆ ಉಳಿದ ಸರಕು 1,900, ಬೆಂಗಳೂರಿನ ಸೆಮಿನಾರಿನ ಟಿಕೆಟ್ 600, ಬಸ್ಸು ಮತ್ತು ಊಟ 340, ಸ್ಯಾಂಪಲ್ ಕೊಟ್ಟದ್ದು 450, ಫೋನ್ ರೀಚಾರ್ಜ್ 299. ಒಟ್ಟು 3,589. ಉಳಿದದ್ದು 141 ರೂಪಾಯಿ. ಆ ತಿಂಗಳು ಸಂಜೆಗಳನ್ನೂ ಭಾನುವಾರಗಳನ್ನೂ ಕೂಡಿಸಿದರೆ ನಾನು ದುಡಿದದ್ದು 41 ಗಂಟೆ. ಗಂಟೆಗೆ ಮೂರೂವರೆ ರೂಪಾಯಿಯೂ ಬೀಳಲಿಲ್ಲ.

ಆ ಪುಟ ನೋಡಿ ನನ್ನ ಹುರುಪು ಇಳಿಯಬೇಕಾಗಿತ್ತು. ಆದದ್ದು ಅದಲ್ಲ. ಕಮಿಷನ್ ಎಂಬುದು ಹೆಸರಿಗೆ ದೊಡ್ಡದು, ಪಾಯಿಂಟಿನ ಸರಕು ಮತ್ತು ಸೆಮಿನಾರು ಅದನ್ನು ತಿಂದುಹಾಕುತ್ತವೆ, ನನ್ನನ್ನು ನಿಜವಾಗಿ ಸಾಕುತ್ತಿರುವುದು ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ತಿಂಗಳು ತಿಂಗಳು ತಪ್ಪದೆ ಕೊಳ್ಳುತ್ತಿದ್ದ, ತುಮಕೂರಿನ ಬಟವಾಡಿ ಬಡಾವಣೆಯ ಆರು ಮನೆಗಳು ಎಂದು ಆವತ್ತು ಗೊತ್ತಾಯಿತು. ಅದುವರೆಗೆ ಆ ಮನೆಗಳಿಗೆ ನಾನು ಸರಕನ್ನು ಗೇಟಿನ ಬಳಿಯೇ ಕೊಟ್ಟು ಓಡಿಬಿಡುತ್ತಿದ್ದೆ, ಏಕೆಂದರೆ ಅವರು ಐಡಿ ಮಾಡಿಸುವವರಲ್ಲ ಎಂದು ನನ್ನ ಅಪ್‌ಲೈನ್ ಹೇಳಿದ್ದರು.

ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಕಡೇಪಕ್ಷ ಇಷ್ಟಾದರೂ ಇರಲಿ: ಬಂದ ಕಮಿಷನ್, ಚಿಲ್ಲರೆ ಲಾಭ, ಪಾಯಿಂಟಿಗಾಗಿ ಮಾತ್ರ ಕೊಂಡ ಸರಕು, ಓಡಾಟ ಮತ್ತು ಸಭೆಗಳ ಖರ್ಚು, ದುಡಿದ ಗಂಟೆ. ಮನೆಯಲ್ಲಿ ಹೇಗೂ ಬಳಸುತ್ತಿದ್ದ ಸೋಪು, ಪೇಸ್ಟುಗಳನ್ನು ವ್ಯಾಪಾರದ ಖರ್ಚಿಗೆ ಹಾಕಬೇಡಿ. ಆದರೆ ಅಂಗಡಿಯ ಸೋಪಿಗಿಂತ ಎಷ್ಟು ಹೆಚ್ಚು ಕೊಟ್ಟಿರಿ ಎಂಬ ವ್ಯತ್ಯಾಸವನ್ನು ಮಾತ್ರ ತಪ್ಪದೆ ಹಾಕಿ.

ಎಷ್ಟು ಗ್ರಾಹಕರಿದ್ದರೆ ವ್ಯಾಪಾರ ನೆಲೆನಿಂತಿದೆ ಎನ್ನಬಹುದು?

ಇದಕ್ಕೆ ಹಳೆಯದೊಂದು ಅಳತೆಗೋಲಿದೆ. ಅಮೆರಿಕದಲ್ಲಿ ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಆಮ್ವೇ ಎಂಬ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಪ್ರಕರಣವನ್ನು ತೀರ್ಮಾನಿಸುವಾಗ, ಅದು ಪಿರಮಿಡ್ ಯೋಜನೆಯಲ್ಲ (ಸರಕಿನ ಮಾರಾಟಕ್ಕಿಂತ ಜನರನ್ನು ಸೇರಿಸುವುದರಿಂದಲೇ ಹಣ ಮಾಡುವ ಯೋಜನೆಯಲ್ಲ) ಎಂಬ ನಿರ್ಣಯಕ್ಕೆ ಬರಲು ಆ ಕಂಪನಿಯಲ್ಲಿದ್ದ ಮೂರು ಕಟ್ಟಳೆಗಳನ್ನು ಆಧಾರವಾಗಿ ತೆಗೆದುಕೊಂಡಿತು. ವಿತರಕನು ತಿಂಗಳಿಗೆ ಕನಿಷ್ಠ ಹತ್ತು ಬೇರೆ ಬೇರೆ ಚಿಲ್ಲರೆ ಗ್ರಾಹಕರಿಗೆ ಮಾರಿರಬೇಕು; ಕೊಂಡ ಸರಕಿನಲ್ಲಿ ಶೇ. 70ರಷ್ಟನ್ನಾದರೂ ಆ ತಿಂಗಳಲ್ಲಿ ಮಾರಿರಬೇಕು. ಬಿಟ್ಟುಹೋಗುವವನ ಬಳಿ ಉಳಿದ ಸರಕನ್ನು ಹಿಂದಕ್ಕೆ ಕೊಳ್ಳಬೇಕು. ಅದು ನಡೆದದ್ದು ಬೇರೆ ದೇಶದಲ್ಲಿ, ಅಂದಿನ ಕಾಲಕ್ಕೆ. ಆದರೂ ಆ ಹತ್ತು ಎಂಬ ಸಂಖ್ಯೆಯನ್ನು ನಾನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಐಡಿ ಇಲ್ಲದ, ಸೇರಿ ಗಳಿಸುವ ಯಾವ ಪ್ಲಾನಿನ ಆಸೆಯೂ ಇಲ್ಲದ, ಸರಕು ಚೆನ್ನಾಗಿದೆ ಎಂದೇ ಮತ್ತೆ ಕೊಳ್ಳುವ ಹತ್ತು ಮನೆಗಳು ನಿಮಗಿದ್ದರೆ ಬೆಳಿಗ್ಗೆ ಎದ್ದು ಯಾವ ವೀಡಿಯೊವನ್ನೂ ನೋಡದೆ ಕೆಲಸಕ್ಕೆ ಹೊರಡಬಹುದು.

ಗ್ರಾಹಕರನ್ನು ಹುಡುಕುವುದಕ್ಕಿಂತ ಆರು ಮಂದಿಯನ್ನು ಸೇರಿಸಿದರೆ ಸಾಕು, ಅವರು ತಲಾ ಆರು ಮಂದಿಯನ್ನು ಸೇರಿಸುತ್ತಾರೆ ಎನ್ನುತ್ತಾರಲ್ಲ?

ಬಿಳಿ ಹಲಗೆಯ ಮೇಲೆ ಬರೆಯುವಾಗ ಆ ಲೆಕ್ಕ ಸಾಮಾನ್ಯವಾಗಿ ನಾಲ್ಕನೆಯ ಹಂತಕ್ಕೇ ನಿಲ್ಲುತ್ತದೆ: 6, 36, 216, 1,296. ಅಲ್ಲಿಂದ ಮುಂದೆ ಬರೆಯಲು ಹಲಗೆಯಲ್ಲಿ ಜಾಗವಿರುತ್ತದೆ, ಬರೆಯುವವರಿಗೆ ಮನಸ್ಸಿರುವುದಿಲ್ಲ. ಏಳನೆಯ ಹಂತದಲ್ಲಿ 2,79,936 ಜನ ಬೇಕು. ತುಮಕೂರು ನಗರದ ಇಡೀ ಜನಸಂಖ್ಯೆ 2011ರ ಜನಗಣತಿಯಲ್ಲಿ ಇದ್ದದ್ದೇ ಸುಮಾರು ಮೂರು ಲಕ್ಷ. ಹತ್ತನೆಯ ಹಂತದಲ್ಲಿ 6,04,66,176 ಜನ ಬೇಕು. ಅದೇ ಜನಗಣತಿಯಲ್ಲಿ ಹಸುಗೂಸಿನಿಂದ ಹಣ್ಣುಮುದುಕರವರೆಗೆ ಇಡೀ ಕರ್ನಾಟಕದಲ್ಲಿ ಇದ್ದವರು 6,10,95,297. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ ಬಹುತೇಕ ಪ್ರತಿಯೊಬ್ಬರೂ ಆ ಒಂದೇ ಹಂತಕ್ಕೆ ಖರ್ಚಾಗಿಬಿಡುತ್ತಾರೆ.

ಈ ಲೆಕ್ಕ ಗೊತ್ತಿರುವುದು ಹುರುಪಿಗೆ ಒಳ್ಳೆಯದೇ. ನಿಮ್ಮ ಕೆಳಗಿನವರ ಎರಡು ಸಾಲುಗಳಲ್ಲಿ ಲೆಫ್ಟ್ ಲೆಗ್ ತುಂಬಿ ರೈಟ್ ಲೆಗ್ ತುಂಬದಿದ್ದರೆ ಅದಕ್ಕೆ ನಿಮ್ಮ ಸೋಮಾರಿತನವೇ ಕಾರಣ ಎಂದು ಯಾರಾದರೂ ಜೂಮ್ ಮೀಟಿಂಗಿನಲ್ಲಿ ಗದರಿದಾಗ ಒಳಗೊಳಗೇ ಮುರಿದುಬೀಳುವ ಪ್ರಮೇಯ ಬರುವುದಿಲ್ಲ.

ಇನ್ನೊಂದು ಮಾತು. ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಕೇಂದ್ರ ಸರ್ಕಾರವು 2021ರ ಡಿಸೆಂಬರ್ 28ರಂದು ಹೊರಡಿಸಿದ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಯೋಜನೆ ನಡೆಸುವುದನ್ನೂ ಅದಕ್ಕೆ ಜನರನ್ನು ಸೇರಿಸುವುದನ್ನೂ ನೇರವಾಗಿಯೇ ನಿಷೇಧಿಸುತ್ತವೆ. ಸೇರುವುದಕ್ಕೆ ಪ್ರವೇಶ ಶುಲ್ಕ ಕೇಳುವಂತಿಲ್ಲ. ನಿಮ್ಮ ಕಮಿಷನ್ ಸರಕಿನ ಮಾರಾಟದಿಂದ ಬರುತ್ತಿದೆಯೋ ತಲೆ ಎಣಿಕೆಯಿಂದ ಬರುತ್ತಿದೆಯೋ ಎಂಬುದನ್ನು ಪೇಔಟ್ ಪಟ್ಟಿ ನೋಡಿ ತಿಳಿದುಕೊಳ್ಳಿ. ಎರಡನೆಯದಾಗಿದ್ದರೆ ಹುರುಪಿನ ಪ್ರಶ್ನೆಯೇ ಏಳುವುದಿಲ್ಲ, ಹೊರಗೆ ಬನ್ನಿ.

ಹಾಗಾದರೆ ಎಷ್ಟು ಆದಾಯ ನಿರೀಕ್ಷಿಸಬಹುದು?

ಅಮೆರಿಕದ ಅದೇ ಟ್ರೇಡ್ ಕಮಿಷನ್ನಿನ ಸಿಬ್ಬಂದಿ 70 ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗಳು ತಾವೇ ಪ್ರಕಟಿಸಿದ್ದ ಆದಾಯ ವಿವರಗಳನ್ನು ಪರಿಶೀಲಿಸಿ 2024ರಲ್ಲಿ ವರದಿ ಕೊಟ್ಟರು. ಅದರ ಪ್ರಕಾರ ಬಹುಪಾಲು ಸದಸ್ಯರ ವರ್ಷದ ಗಳಿಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಕನಿಷ್ಠ 17 ಕಂಪನಿಗಳಲ್ಲಿ ಹೆಚ್ಚಿನವರಿಗೆ ಏನೂ ಬಂದೇ ಇಲ್ಲ. ಇದರಲ್ಲಿ ಅವರ ಖರ್ಚನ್ನು ಕಳೆದಿಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಕಡೆಯ ಪರಿಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿದೆ ಎಂದು ನಂಬಲು ನನ್ನ ಏಳು ವರ್ಷದ ಓಡಾಟದಲ್ಲಿ ಕಾರಣ ಸಿಗಲಿಲ್ಲ.

ತಿಂಗಳಿಗೆ ಐವತ್ತು ಸಾವಿರ ಎಂದುಕೊಂಡು ಬಂದವರಿಗೆ ಎರಡು ಸಾವಿರ ಸೋಲಾಗಿ ಕಾಣುತ್ತದೆ, ಮಕ್ಕಳ ಟ್ಯೂಷನ್ ಫೀಸು ಕಟ್ಟುವಷ್ಟಾದರೆ ಸಾಕು ಎಂದು ಬಂದವರಿಗೆ ಅದೇ ಎರಡು ಸಾವಿರ ಕೈತುಂಬ ಕಾಣುತ್ತದೆ. ಹಣ ಅದೇ, ನಿರೀಕ್ಷೆ ಬೇರೆ. ಕಮಿಷನ್ ಮೇಲೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿದದ್ದನ್ನು ಕಂಡು ಕಂಪನಿ ಮೋಸ ಮಾಡಿತೆಂದು ಕುಗ್ಗುವವರೂ ಇದ್ದಾರೆ. ಅದು ಎಲ್ಲ ಕಮಿಷನ್‌ಗಳಿಗೂ ಅನ್ವಯಿಸುವ ಆದಾಯ ತೆರಿಗೆಯ ನಿಯಮ. 2024ರ ಅಕ್ಟೋಬರ್ 1ರಿಂದ ದರ ಶೇ. 5ರಿಂದ 2ಕ್ಕೆ ಇಳಿದಿದೆ, 2025ರ ಏಪ್ರಿಲ್ 1ರಿಂದ ಟಿಡಿಎಸ್ ಹಿಡಿಯದ ವಾರ್ಷಿಕ ಮಿತಿ 15,000ದಿಂದ 20,000 ರೂಪಾಯಿಗೆ ಏರಿದೆ. ಆದಾಯ ತೆರಿಗೆಯ ವ್ಯಾಪ್ತಿಗೆ ಬಾರದವರು ರಿಟರ್ನ್ ಸಲ್ಲಿಸಿದರೆ ಆ ಹಣ ವಾಪಸು ಬರುತ್ತದೆ.

ಜನ "ಬೇಡ" ಎಂದಾಗ ಮನಸ್ಸು ಮುದುಡುತ್ತದೆ. ಏನು ಮಾಡಬೇಕು?

ಮೊದಲು, ಅವರು ಬೇಡ ಎಂದದ್ದು ಏನನ್ನು ಎಂದು ಕೇಳಿಕೊಳ್ಳಿ. ಸರಕನ್ನೋ, ಬೆಲೆಯನ್ನೋ, ಪ್ಲಾನನ್ನೋ, ಊಟದ ಹೊತ್ತಿಗೆ ಬಂದ ನಿಮ್ಮನ್ನೋ? ನನಗೆ ಬಂದ ನಿರಾಕರಣೆಗಳಲ್ಲಿ ಅರ್ಧಕ್ಕರ್ಧ ಹೊತ್ತಲ್ಲದ ಹೊತ್ತಿನಲ್ಲಿ ಹೋದದ್ದರ ಫಲ. ಮೊದಲೇ ಸಮಯ ಕೇಳಿಕೊಂಡು, ಗುರುತಿನ ಚೀಟಿ ಇಟ್ಟುಕೊಂಡು ಗ್ರಾಹಕರ ಮನೆಗೆ ಹೋಗಬೇಕೆಂದು 2021ರ ನಿಯಮಗಳೂ ಹೇಳುತ್ತವೆ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ ನಿಮ್ಮ ಮಾನದ ದೃಷ್ಟಿಯಿಂದ ಅದನ್ನು ಪಾಲಿಸಿ ನೋಡಿ: "ಬುಧವಾರ ಸಂಜೆ ಐದಕ್ಕೆ ಹತ್ತು ನಿಮಿಷ ಬರಲೇ?" ಎಂದು ಕೇಳಿ ಹೋದವರನ್ನು ಜನ ಕೂರಿಸಿ ನೀರು ಕೊಡುತ್ತಾರೆ, ಕೊಳ್ಳದಿದ್ದರೂ ಕೂರಿಸುತ್ತಾರೆ.

ಎರಡನೆಯದಾಗಿ, ಬೇಡ ಎಂದವರನ್ನು ಮತ್ತೆ ಮತ್ತೆ ಫಾಲೋ ಅಪ್ ಮಾಡಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹತ್ತು "ಇಲ್ಲ"ಗಳ ಹಿಂದೆ ಒಂದು "ಹೌದು" ಇದೆ ಎಂಬ ಮಾತನ್ನು ನಂಬಿಕೊಂಡು ಒಬ್ಬರ ಹತ್ತಿರವೇ ಹತ್ತು ಸಲ ಹೋದವರನ್ನು ನಾನು ಬಲ್ಲೆ. ಒಮ್ಮೆ ವಿವರಿಸಿ, ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ.

ನೆಂಟರಿಷ್ಟರು ನಮ್ಮನ್ನು ಕಂಡರೆ ದೂರ ಸರಿಯುತ್ತಾರೆ. ಇದನ್ನು ಸಹಿಸುವುದು ಹೇಗೆ?

ಇದು ಎಲ್ಲಕ್ಕಿಂತ ನೋವಿನ ಪ್ರಶ್ನೆ, ಇದಕ್ಕೆ ನಾನು ಕೊಡುವ ಉತ್ತರ ಕೆಲವರಿಗೆ ರುಚಿಸುವುದಿಲ್ಲ.

ಕ್ಯಾತ್ಸಂದ್ರದಲ್ಲಿರುವ ನನ್ನ ದೊಡ್ಡಮ್ಮನಿಗೆ ಹುಷಾರಿಲ್ಲವೆಂದು ತಿಳಿದು ಒಮ್ಮೆ ನೋಡಿಕೊಂಡು ಬರಲು ಹೋಗಿದ್ದೆ. ಕೈಯಲ್ಲಿ ಎಳನೀರಿನ ಚೀಲವಿತ್ತು, ಹೆಗಲಲ್ಲಿ ಎಂದಿನ ಕಪ್ಪು ಬ್ಯಾಗಿತ್ತು. ಅವರು ಮಂಚದ ಮೇಲೆ ಎದ್ದು ಕೂತು ಬ್ಯಾಗಿನ ಕಡೆಗೇ ನೋಡುತ್ತಾ, "ಏನಪ್ಪಾ, ಇವತ್ತೂ ಏನಾದ್ರೂ ಮಾರೋಕ್ ಬಂದ್ಯಾ? ಮೊದ್ಲೇ ಹೇಳ್ಬಿಡು, ಪರ್ಸು ಬೀರೂನಲ್ಲಿದೆ" ಎಂದರು. ಅದರಲ್ಲಿ ಕುಹಕವಿರಲಿಲ್ಲ, ಕೊಟ್ಟುಬಿಡುವ ಸಿದ್ಧತೆಯಿತ್ತು. ಆದ್ದರಿಂದಲೇ ನನಗೆ ಅದು ಹೆಚ್ಚು ನಾಟಿತು. ಆ ಬ್ಯಾಗಿನಲ್ಲಿ ಆವತ್ತು ಕಚೇರಿಯ ಊಟದ ಡಬ್ಬಿಯ ಹೊರತು ಬೇರೇನೂ ಇರಲಿಲ್ಲ. ಡಬ್ಬಿಯನ್ನು ತೆಗೆದು ತೋರಿಸಿದ ಮೇಲೆ ಇಬ್ಬರೂ ನಕ್ಕೆವು, ಆದರೆ ಆ ನಗು ಸರಿಯಾಗಿ ಬರಲಿಲ್ಲ.

ಜನ ದೂರ ಸರಿಯುವುದು ಅವರು "ನೆಗೆಟಿವ್" ಆಗಿರುವುದರಿಂದ ಎಂದು ಸಭೆಗಳಲ್ಲಿ ಹೇಳಿಕೊಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ದೂರ ಸರಿದದ್ದು ಪ್ರತಿಯೊಂದು ಭೇಟಿಯನ್ನೂ ನಾನು ವ್ಯಾಪಾರಕ್ಕೆ ತಿರುಗಿಸಿದ್ದರಿಂದ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಇವುಗಳಲ್ಲಿ ವ್ಯಾಪಾರದ ಮಾತೆತ್ತುವುದಿಲ್ಲವೆಂದು ಅಂದೇ ನಿರ್ಧರಿಸಿದೆ. ಸರಕು ಬೇಕಾದ ನೆಂಟರು ತಾವಾಗಿಯೇ ಫೋನು ಮಾಡುತ್ತಾರೆ. ಹಾಗೆ ಫೋನು ಮಾಡಿದವರು ಇಬ್ಬರೇ, ಆದರೆ ಉಳಿದವರೆಲ್ಲ ಮತ್ತೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕರೆಯಲಾರಂಭಿಸಿದರು.

ಮನೆಯಲ್ಲೇ ಬೆಂಬಲವಿಲ್ಲದಿದ್ದರೆ?

ಗಂಡನೋ ಹೆಂಡತಿಯೋ ತಂದೆಯೋ ವಿರೋಧಿಸಿದರೆ ಅವರನ್ನು ದೊಡ್ಡ ಸಭೆಗೆ ಕರೆದೊಯ್ದು ಚಪ್ಪಾಳೆಯಲ್ಲಿ ಮುಳುಗಿಸಿ ಒಪ್ಪಿಸುವ ಪ್ರಯತ್ನ ಬೇಡ. ಲೆಕ್ಕದ ಪುಸ್ತಕವನ್ನು ತೋರಿಸಿ. ನನ್ನ ಹೆಂಡತಿ ಆ 141 ರೂಪಾಯಿಯ ಪುಟವನ್ನು ಬೆರಳಿಟ್ಟು ಓದಿ, "ರೀ, ಈ ಸೆಮಿನಾರಿಂದೂ ಮಂಚದ ಕೆಳಗಿನ ಸಾಮಾನಿಂದೂ ತೆಗೆದುಬಿಟ್ರೆ ಚೆನ್ನಾಗೇ ಇದೆಯಲ್ಲ" ಎಂದಳು. ಮೂರು ವರ್ಷ ಯಾವ ಅಪ್‌ಲೈನ್ ಕೂಡ ಕೊಡದ ಸಲಹೆ ಅದು. ಮನೆಯವರು ವಿರೋಧಿಸುವುದು ಹೆಚ್ಚಾಗಿ ವ್ಯಾಪಾರವನ್ನಲ್ಲ, ಅದರ ಲೆಕ್ಕ ತಮಗೆ ಕಾಣದಿರುವುದನ್ನು ಮತ್ತು ಭಾನುವಾರಗಳೆಲ್ಲ ಮಾಯವಾಗುವುದನ್ನು. ವಾರಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ರೂಪಾಯಿಯವರೆಗೆ ಎಂದು ಇಬ್ಬರೂ ಕೂತು ಗೆರೆ ಹಾಕಿಕೊಂಡರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಆ ಗೆರೆಯಾಚೆ ಸಾಲ ಮಾಡುವುದಂತೂ, ಚಿನ್ನ ಅಡವಿಡುವುದಂತೂ ಬೇಡವೇ ಬೇಡ.

ಸೆಮಿನಾರು, ಮೀಟಿಂಗುಗಳಿಗೆ ಹೋಗುತ್ತಿದ್ದರೆ ಉತ್ಸಾಹ ಬರುತ್ತದೆ. ಅದೂ ಬೇಡವೇ?

ಉತ್ಸಾಹ ಬರುತ್ತದೆ, ನಿಜ. ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ಸಾವಿರ ಜನ ಎದ್ದುನಿಂತು ಚಪ್ಪಾಳೆ ತಟ್ಟುವಾಗ ಮೈ ಜುಮ್ಮೆನ್ನದವರು ಕಡಿಮೆ. ರಾತ್ರಿ ಹಿಂತಿರುಗುವ ಬಸ್ಸು ನೆಲಮಂಗಲ ದಾಟುವವರೆಗೂ ಅದು ಇರುತ್ತದೆ. ಮರುದಿನ ಬೆಳಿಗ್ಗೆ ಅದೇ ಪಟ್ಟಿ, ಅದೇ ಮುಗಿದುಹೋದ ಹೆಸರುಗಳು ಎದುರಿಗಿದ್ದಾಗ ಆ ಜುಮ್ಮು ಉಪಯೋಗಕ್ಕೆ ಬರುವುದಿಲ್ಲ. ಬದಲಾಗಿ, ಮುಂದಿನ ಸೆಮಿನಾರಿನವರೆಗೆ ದಿನ ಎಣಿಸುವ ಅಭ್ಯಾಸವಾಗುತ್ತದೆ.

ಹೋಗುವುದಾದರೆ ಕಲಿಯುವುದಕ್ಕೆ ಹೋಗಿ. ಸರಕಿನ ಬಗ್ಗೆ, ದೂರು ಬಂದಾಗ ಮಾತನಾಡುವುದರ ಬಗ್ಗೆ, ಬಿಲ್ಲು ಮತ್ತು ತೆರಿಗೆಯ ಬಗ್ಗೆ ಹೇಳಿಕೊಡುವ ಸಣ್ಣ ತರಬೇತಿಗಳು ಕೆಲವು ಚೆನ್ನಾಗಿರುತ್ತವೆ. ಟಿಕೆಟ್, ಪುಸ್ತಕ, ಆಡಿಯೊಗಳನ್ನು ಕೊಳ್ಳಲೇಬೇಕು, ಇಲ್ಲದಿದ್ದರೆ ನೀವು ಗಂಭೀರವಾಗಿಲ್ಲ ಎಂದು ಒತ್ತಡ ಬಂದರೆ ಎಚ್ಚರವಾಗಿರಿ. ಹೊಸಬರಿಗೆ ಪ್ರಚಾರ ಸಾಹಿತ್ಯವನ್ನಾಗಲಿ ಪ್ರದರ್ಶನದ ಸಾಮಗ್ರಿಯನ್ನಾಗಲಿ ಕೊಳ್ಳಲೇಬೇಕೆಂದು ಒತ್ತಾಯಿಸುವುದಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲ.

ರ‍್ಯಾಂಕ್ (ಕಂಪನಿ ಕೊಡುವ ದರ್ಜೆ) ಉಳಿಸಿಕೊಳ್ಳಲು ಸ್ವಲ್ಪ ಸರಕನ್ನು ನಾವೇ ಕೊಂಡಿಟ್ಟುಕೊಂಡರೆ ತಪ್ಪೇ?

ತಿಂಗಳ ಕೊನೆಯ ದಿನ ರಾತ್ರಿ ಹತ್ತಕ್ಕೆ "ಸರ್, ಇನ್ನು ನಾನೂರು ಪಾಯಿಂಟ್ ಅಷ್ಟೇ" ಎಂದು ಅಪ್‌ಲೈನ್ ಫೋನು ಮಾಡುವ ಅನುಭವ ಈ ಕೆಲಸದಲ್ಲಿರುವ ಎಲ್ಲರಿಗೂ ಇದೆ. ಆಗ ಕೊಂಡ ಸರಕು ಮಂಚದ ಕೆಳಗೆ ಸೇರುತ್ತದೆ. ನಮ್ಮ ಮಂಚದ ಕೆಳಗೆ ಒಮ್ಮೆ ಹದಿನಾಲ್ಕು ಡಬ್ಬಿ ಪ್ರೋಟೀನ್ ಪುಡಿಯಿತ್ತು. ಅದರಲ್ಲಿ ಒಂಬತ್ತರ ಅವಧಿ ಮುಗಿಯಿತು. ರ‍್ಯಾಂಕಿನ ಬ್ಯಾಡ್ಜು ಮೂರು ತಿಂಗಳಿತ್ತು, ಡಬ್ಬಿಗಳು ಒಂದೂವರೆ ವರ್ಷ ಇದ್ದವು. ಕಸ ಗುಡಿಸುವಾಗಲೆಲ್ಲ ಪೊರಕೆಗೆ ತಾಗುತ್ತಿದ್ದ ಆ ಡಬ್ಬಿಗಳಷ್ಟು ನನ್ನ ಹುರುಪನ್ನು ಬೇರೆ ಯಾವುದೂ ತಿಂದಿಲ್ಲ.

ಮಾರಲಾಗದೆ ಉಳಿದ, ಇನ್ನೂ ಮಾರಲು ಯೋಗ್ಯವಾಗಿರುವ ಸರಕನ್ನು ಕಂಪನಿ ಹಿಂದಕ್ಕೆ ಕೊಳ್ಳುವ ವ್ಯವಸ್ಥೆ ಏನೆಂದು ಒಪ್ಪಂದದಲ್ಲಿ ಓದಿಕೊಳ್ಳಿ. ಅವಧಿ ಮುಗಿದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. ಹಾಗೆಯೇ ಒಪ್ಪಂದ ಮಾಡಿಕೊಂಡ ಮೇಲೆ ದಂಡವಿಲ್ಲದೆ ಹಿಂದೆ ಸರಿಯಲು ಒಂದು ಅವಧಿ ಇರುತ್ತದೆ, ಅದು ಎಷ್ಟು ದಿನ ಎಂಬುದನ್ನೂ ಅದೇ ಕಾಗದದಲ್ಲಿ ನೋಡಿ. ಒಪ್ಪಂದದ ಕಾಗದವೇ ಕೈಯಲ್ಲಿಲ್ಲ ಎನ್ನುವವರು ಮೊದಲು ಅದನ್ನು ಕೇಳಿ ಪಡೆಯಿರಿ. ಲಿಖಿತ ಒಪ್ಪಂದವಿಲ್ಲದೆ ನೇರ ಮಾರಾಟಗಾರರಾಗಿ ಕೆಲಸ ಮಾಡುವಂತಿಲ್ಲ.

ಡೌನ್‌ಲೈನಿನಲ್ಲಿದ್ದವರು (ನಮ್ಮ ಕೆಳಗೆ ಸೇರಿದವರು) ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದಾರೆ. ಇನ್ನು ಹೇಗೆ ಮುಂದುವರಿಯಲಿ?

ಬಿಟ್ಟುಹೋದವರಿಗೆ ಫೋನು ಮಾಡಿ ಕಾರಣ ಕೇಳಿ, ಮತ್ತೆ ಕರೆತರುವ ಉದ್ದೇಶವಿಲ್ಲದೆ ಕೇಳಿ. ನನ್ನ ಕೆಳಗಿದ್ದ ಒಬ್ಬ ಹೆಣ್ಣುಮಗಳು ಐದು ತಿಂಗಳಲ್ಲಿ ಬಿಟ್ಟರು. ಕೇಳಿದಾಗ, ತಾವು ಗಾರ್ಮೆಂಟ್ಸಿನಲ್ಲಿ ಓಟಿ ಮಾಡಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದರು. ಅವರ ಲೆಕ್ಕ ನನ್ನ ಲೆಕ್ಕಕ್ಕಿಂತ ಚೊಕ್ಕವಾಗಿತ್ತು. ಅವರನ್ನು ಸೇರಿಸುವಾಗ ನಾನು ಎಷ್ಟು ಬಣ್ಣ ಹಚ್ಚಿ ಹೇಳಿದ್ದೆ ಎಂಬುದು ಅವರು ಬಿಟ್ಟಾಗ ನೆನಪಾಯಿತು. ಹೊಸಬರನ್ನು ಸೇರಿಸುವಾಗಲೇ ನಿಮ್ಮ ಕಳೆದ ಮೂರು ತಿಂಗಳ ನಿಜವಾದ ಲೆಕ್ಕವನ್ನು ಮುಂದಿಟ್ಟರೆ ಸೇರುವವರು ಕಡಿಮೆಯಾಗುತ್ತಾರೆ, ಬಿಡುವವರೂ ಕಡಿಮೆಯಾಗುತ್ತಾರೆ.

ಇತರರ ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ ಚೆಕ್ಕು, ವಿದೇಶ ಪ್ರವಾಸ ನೋಡಿ ಕೀಳರಿಮೆಯಾಗುತ್ತದೆ.

ಸ್ಟೇಟಸ್ಸಿನಲ್ಲಿ ಪುಸ್ತಕದ ಎಡಭಾಗದ, ಅಂದರೆ ಬಂದದ್ದರ, ಲೆಕ್ಕ ಮಾತ್ರ ಬರುತ್ತದೆ. ಅಂಥವರನ್ನು ಮ್ಯೂಟ್ ಮಾಡಿ.

ಆರೋಗ್ಯದ ಉತ್ಪನ್ನಗಳನ್ನು ಮಾರುವಾಗ ಜನ ನಂಬುವುದಿಲ್ಲ. ಹುರುಪಿನಿಂದ ಹೇಳುವುದು ಹೇಗೆ?

ಹುರುಪು ಹೆಚ್ಚಾದರೇ ಇಲ್ಲಿ ಅಪಾಯ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಕ್ಯಾನ್ಸರ್ ಗುಣವಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಡಬ್ಬಿಯ ಮೇಲೆ ಆಹಾರ ಪೂರಕ ಎಂದು ಬರೆದಿದ್ದರೆ ನೀವೂ ಅಷ್ಟನ್ನೇ ಹೇಳಬೇಕು. ಯಾರಾದರೂ ನಿಮ್ಮ ಮಾತು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿದರೆ ಅದರ ಹೊಣೆ ನಿಮ್ಮ ತಲೆಗೆ ಬರುತ್ತದೆ. ಇದರಲ್ಲಿ ಹುರುಪಿಗೂ ಸಂಬಂಧವಿದೆ: ತಾನೇ ಪೂರ್ತಿ ನಂಬದ ಮಾತನ್ನು ದಿನಕ್ಕೆ ಹತ್ತು ಬಾರಿ ಹೇಳುವವರು ಎಲ್ಲರಿಗಿಂತ ಬೇಗ ದಣಿಯುತ್ತಾರೆ, ಆ ದಣಿವಿನ ಕಾರಣ ಅವರಿಗೇ ತಿಳಿಯುವುದಿಲ್ಲ.

ಪೂರ್ಣಾವಧಿಯಾಗಿ ಇಳಿದರೆ ಹಟ ಬರುತ್ತದೆ ಎಂದು ಕೆಲಸ ಬಿಡಬಹುದೇ?

ಬೇಡ. ಖರ್ಚು ಕಳೆದು ಉಳಿದ ಹಣ ನಿಮ್ಮ ಸಂಬಳವನ್ನು ಸತತವಾಗಿ ಎರಡು ವರ್ಷ ಮೀರಿದ್ದರೆ ಆಗ ಯೋಚಿಸಿ. ಹಟದಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಮನೆಯ ಬಾಡಿಗೆಗೆ ಈ ವ್ಯಾಪಾರವನ್ನೇ ನೆಚ್ಚಿಕೊಂಡವರ ಮಾತಿನಲ್ಲಿ ಒಂದು ಆತುರ ಸೇರಿಕೊಳ್ಳುತ್ತದೆ, ಗ್ರಾಹಕರಿಗೆ ಅದರ ವಾಸನೆ ಬೇಗ ಬಡಿಯುತ್ತದೆ.

ಬಿಟ್ಟುಬಿಡುವ ಸಮಯ ಬಂದಿದೆ ಎಂದು ತಿಳಿಯುವುದು ಹೇಗೆ? ಬಿಡುವುದು ಸೋಲಲ್ಲವೇ?

ಅಡಿಕೆ ಬೆಳೆಯುವವನು ತೋಟಕ್ಕೆ ವರ್ಷಗಟ್ಟಲೆ ಕಾಯುತ್ತಾನೆ, ಏಕೆಂದರೆ ಗಿಡ ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಗಿಡವೇ ಒಣಗಿದ ಮೇಲೂ ನೀರು ಹಾಯಿಸುವವನಿಗೆ ತಾಳ್ಮೆಯಿದೆ ಎಂದು ಯಾರೂ ಹೇಳುವುದಿಲ್ಲ. ಮಿತಿಯನ್ನು ಮೊದಲೇ ಬರೆದಿಡಿ: ಒಟ್ಟು ಇಷ್ಟು ಹಣ ಹೋಗುವವರೆಗೆ, ಅಥವಾ ಹನ್ನೆರಡು ತಿಂಗಳಲ್ಲಿ ಹತ್ತು ಖಾಯಂ ಗ್ರಾಹಕರು ಆಗದಿದ್ದರೆ, ನಿಲ್ಲಿಸುತ್ತೇನೆ ಎಂದು. ಸಮಾಧಾನದಲ್ಲಿದ್ದಾಗ ಬರೆದ ಮಿತಿಯನ್ನು ಕ್ಲೋಸಿಂಗ್ ರಾತ್ರಿಯ ಗಡಿಬಿಡಿಯಲ್ಲಿ ಬದಲಾಯಿಸಬೇಡಿ.

ಬಿಡುವುದಾದರೆ ಸದ್ದಿಲ್ಲದೆ ಗ್ರೂಪಿನಿಂದ ಹೊರಬಂದರೆ ಸಾಲದು. ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉಳಿದ ಸರಕನ್ನು ಹಿಂದಿರುಗಿಸಲು ಅರ್ಜಿ ಕೊಡಿ, ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ದೂರು ಸ್ವೀಕರಿಸಿದ್ದನ್ನು ಕಂಪನಿಯ ಕುಂದುಕೊರತೆ ಅಧಿಕಾರಿ 48 ಕೆಲಸದ ಗಂಟೆಗಳಲ್ಲಿ ತಿಳಿಸಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ನಿಯಮವಿದೆ. ನಿಮ್ಮಿಂದ ಸರಕು ಕೊಂಡ ಗ್ರಾಹಕರು ಅಲ್ಲಿಯೂ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅದನ್ನು ಅವರಿಗೆ ತಿಳಿಸಿಯೇ ಹೊರಡಿ. ನೀವು ಸೇರಿಸಿದವರಿಗೂ ವಿಷಯವನ್ನು ನೀವೇ ಹೇಳಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ.

ನೀವು ಈಗಲೂ ಮಾಡುತ್ತಿದ್ದೀರಾ?

ಜನರನ್ನು ಸೇರಿಸುವುದನ್ನು ನಿಲ್ಲಿಸಿದೆ, ರ‍್ಯಾಂಕು ತಾನಾಗಿಯೇ ಹೋಯಿತು. ಬಟವಾಡಿಯ ಆರು ಮನೆಗಳು ಈಗ ಹನ್ನೊಂದಾಗಿವೆ. ತಿಂಗಳ ಎರಡನೆಯ ಶನಿವಾರ ಸ್ಕೂಟರಿನ ಮುಂದೆ ಕೈಚೀಲ ಇಟ್ಟುಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೇನೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಮೂರನೆಯ ಅಡ್ಡರಸ್ತೆಯ ಮನೆಯವರು ಲಿಕ್ವಿಡ್ ಬಾಟಲಿಯ ಮುಚ್ಚಳ ಸೋರುತ್ತಿದೆ ಎಂದು ಫೋನು ಮಾಡಿದ್ದಾರೆ. ನಾಳೆ ಸಂಜೆ ಆರಕ್ಕೆ ಬದಲಾಯಿಸಿ ಕೊಡುತ್ತೇನೆಂದು ಹೇಳಿದ್ದೇನೆ.